ಮುಂದಿನ ಸಭೆ ಬರೆ ಪಕ್ಕದಲ್ಲಿ ಇಟ್ಟುಕೊಳ್ಳೋಣ

ನಮ್ಮ ಭಾಗದ ಸ್ಟ್ರಕ್ಚರಲ್ ಇಂಜಿನಿಯರ್‌ಗಳ ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸದಸ್ಯ ಗೆಳೆಯರಿಗೆ, ಜೊತೆಗೆ ಇದನ್ನು ಓದುವ ಕೊಡಗಿನವರಿಗೆಲ್ಲ ನಮಸ್ಕಾರ.

ಮೊನ್ನೆ ವಾಟ್ಸಾಪ್‌ನಲ್ಲಿ ಏಪ್ರಿಲ್ ಸಭೆಯ ಕಾರ್ಡ್ ಬಂತು. ವಿಷಯ, ನಲವತ್ತು ಮಹಡಿ ಕಟ್ಟಡಗಳ ಮೇಲೆ ಗಾಳಿಯ ಒತ್ತಡ. ಸ್ಥಳ, ಮೈಸೂರಿನ ಹೋಟೆಲೊಂದರ ಎಸಿ ಹಾಲ್. ಕೆಳಗೆ ಒಂದು ಕಂಬಿ ಕಂಪನಿಯ ಗುರುತು, ಅದರ ಪಕ್ಕದಲ್ಲಿ 'ನಂತರ ಊಟ'. ನಾನು ಮಡಿಕೇರಿಯವನು. ಇಲ್ಲಿಂದ ಮೈಸೂರಿಗೆ ಸುಮಾರು 120 ಕಿ.ಮೀ. ರೈಲಂತೂ ನಮ್ಮ ಜಿಲ್ಲೆಗೆ ಇವತ್ತಿಗೂ ಬಂದಿಲ್ಲ, ಹಾಗಾಗಿ ಸಭೆಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೆಲಸ ಬಿಟ್ಟ ಹಾಗೆ. ದೂರದ ಬಗ್ಗೆ ನನ್ನ ತಕರಾರಿಲ್ಲ, ಹತ್ತು ವರ್ಷದಿಂದ ಹೋಗಿ ಬರುತ್ತಲೇ ಇದ್ದೇನೆ. ಈ ಸಲ ಮಾತ್ರ ಕಾರ್ಡ್ ನೋಡಿ ಮನಸ್ಸಿಗೆ ಒಂಥರಾ ಆಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಹೋಗಿದೆ. ಜೂನ್‌ನ ಮಳೆಗಾಲಕ್ಕೆ ಇನ್ನು ಎರಡೇ ತಿಂಗಳು. ನಾವು ನಲವತ್ತನೇ ಮಹಡಿಯ ಗಾಳಿಯ ಬಗ್ಗೆ ಮಾತಾಡೋಕೆ ಹೊರಟಿದ್ದೇವೆ.

ಉಪನ್ಯಾಸ ಮಾಡುವವರ ಬಗ್ಗೆ ನನಗೆ ಗೌರವ ಇದೆ. ಗಾಳಿಯ ಒತ್ತಡ ಲೆಕ್ಕ ಹಾಕುವ ನಿಯಮಪುಸ್ತಕ ಐಎಸ್ 875 ನಾನೂ ಓದಿದವನೇ. ಆದರೆ ನಮ್ಮ ಸದಸ್ಯರಲ್ಲಿ ಎಷ್ಟು ಜನ ಈ ಜನ್ಮದಲ್ಲಿ ನಲವತ್ತು ಮಹಡಿ ಕಟ್ಟುತ್ತಾರೆ ಹೇಳಿ? ನಮ್ಮದೆಲ್ಲ ಎರಡು ಮಹಡಿ ಮನೆ, ಹೋಮ್‌ಸ್ಟೇ, ತೋಟದ ಕಾರ್ಮಿಕರ ಲೈನ್ ಮನೆ, ಕಾಫಿ ಗೋದಾಮು, ಶಾಲೆ ಕಟ್ಟಡ, ಅದರ ಹಿಂದೊಂದು ತಡೆಗೋಡೆ. ಆ ತಡೆಗೋಡೆಯ ಬಗ್ಗೆ ಈ ಹತ್ತು ವರ್ಷದಲ್ಲಿ ಎಷ್ಟು ಸಭೆ ಆಗಿದೆ ಅಂತ ನನ್ನ ಹಳೇ ಡೈರಿಗಳನ್ನು ತೆಗೆದು ನೋಡಿದೆ. ಒಂದು. ಅದೂ 2018ರ ಡಿಸೆಂಬರ್‌ನಲ್ಲಿ, ಎಲ್ಲ ಮುಗಿದ ಮೇಲೆ, ಎಸಿ ಹಾಲ್‌ನಲ್ಲೇ.

ಮಳೆಗೆ ಗುಡ್ಡಗಳು ಕುಸಿದ 2018ರ ಆಗಸ್ಟ್ ಹೇಗಿತ್ತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಮದೆನಾಡು, ಜೋಡುಪಾಲ. ಹೆಸರು ಹೇಳಿದರೆ ಸಾಕು. ಮರುವರ್ಷ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಹೊರಗಿನ ಸದಸ್ಯರಿಗಾಗಿ ಒಂದೇ ಒಂದು ಮನೆಯ ಕಥೆ ಹೇಳುತ್ತೇನೆ.

ಆ ಆಗಸ್ಟ್‌ನಲ್ಲಿ ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಪರಿಚಯದವರೊಬ್ಬರು ಫೋನ್ ಮಾಡಿ, ಸರ್, ನಮ್ಮ ಅಜ್ಜಿ ಮನೆ ಗೋಡೆ ಬಿರುಕು ಬಿಟ್ಟಿದೆ, ಒಂದ್ಸಲ ನೋಡ್ತೀರಾ ಅಂದರು. ಅರ್ಧ ದಾರಿ ಜೀಪು, ಇನ್ನರ್ಧ ನಡಿಗೆ. ಮನೆಯ ಹಿಂದೆ ಎರಡಾಳು ಎತ್ತರದ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಜೆಸಿಬಿಯಲ್ಲಿ ನೆಟ್ಟಗೆ ಕಡಿದದ್ದು. ಕಡಿದ ಮಣ್ಣನ್ನು ಮುಂದಿನ ಇಳಿಜಾರಿಗೆ ತಳ್ಳಿ ಅಂಗಳ ಮಾಡಿದ್ದರು. ಮುಂದಿನ ಎರಡು ಕೋಣೆ ಆ ತುಂಬಿದ ಮಣ್ಣಿನ ಮೇಲೆ, ಹಿಂದಿನ ಅಡುಗೆಮನೆ ಕಡಿದ ಗಟ್ಟಿ ನೆಲದ ಮೇಲೆ. ಬಿರುಕು ಸರಿಯಾಗಿ ಆ ಎರಡೂ ಸೇರುವ ಕಡೆ ಬಿಟ್ಟಿತ್ತು, ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಕ್ಕೆ. ಬೆರಳು ಇಟ್ಟು ನೋಡಿದೆ, ಕಿರುಬೆರಳು ಹೋಗುತ್ತಿತ್ತು. ಕಾಲಂ, ಬೀಮ್ ಎಲ್ಲ ತಟ್ಟಿ ನೋಡಿದೆ. ನಾನು ಕಲಿತದ್ದು ಅಷ್ಟೇ ತಾನೇ. ಅಷ್ಟರಲ್ಲಿ ಅಜ್ಜಿ ಒಲೆ ಹತ್ತಿರದಿಂದ ಎದ್ದು ಬಂದು ಕೇಳಿದರು, "ಇವತ್ತು ರಾತ್ರಿ ಇಲ್ಲಿ ಮಲಗಬಹುದಾ ಮಗ?"

ಬಿ.ಇ. ಮಾಡಿದ್ದೇನೆ, ಸಂಘದ ಸರ್ಟಿಫಿಕೇಟ್ ಆಫೀಸಿನ ಗೋಡೆ ಮೇಲೆ ಫ್ರೇಮ್ ಹಾಕಿಸಿ ತೂಗುಹಾಕಿದ್ದೇನೆ, ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಡೆಯ ಬಿರುಕು ಏನು ಹೇಳುತ್ತೆ ಅಂತ ಗೊತ್ತಿತ್ತು. ಮೇಲಿನ ಬರೆ ಏನು ಮಾಡುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲ ಅಜ್ಜಿ, ಮಗಳ ಮನೆಗೆ ಹೋಗಿ ಅಂದೆ. ಹೋದರು. ಆ ಮನೆ ಇವತ್ತಿಗೂ ನಿಂತಿದೆ! ಅದರ ಕೆಳಗೆ, ರಸ್ತೆಯ ತಿರುವಿನಲ್ಲಿ, ಒಂದು ಗೆರೆಯಷ್ಟೂ ಬಿರುಕಿಲ್ಲದ ಹೊಸ ಮನೆ ಇತ್ತು. ಅದನ್ನು ನೋಡೋಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಅದರ ಹಿಂದಿನ ಬರೆ ಮಾರನೇ ದಿನ ಬೆಳಿಗ್ಗೆ ಮನೆಯ ಅರ್ಧ ಭಾಗವನ್ನು ಎಳೆದುಕೊಂಡು ಹೋಯಿತು. ಮನೆಯವರು ಅಷ್ಟು ಹೊತ್ತಿಗೆ ಹೊರಗಿದ್ದರು, ಪುಣ್ಯ. ಅಜ್ಜಿ ಇವತ್ತಿಗೂ ಸಿಕ್ಕಾಗಲೆಲ್ಲ, ಸುಮ್ನೆ ಓಡಿಸಿದೆ ನನ್ನ, ಕೋಳಿಗಳೆಲ್ಲ ಹೋದವು ಅಂತ ಬೈಯುತ್ತಾರೆ.

ಆ ವಾರ ಇಂಥ ಫೋನ್ ನನಗೆ ಎಷ್ಟು ಬಂದವೋ ಲೆಕ್ಕ ಇಟ್ಟಿಲ್ಲ. ನಿಮ್ಮಲ್ಲೂ ಕೆಲವರಿಗೆ ಬಂದಿರಬೇಕು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ನಡುಗಿದಾಗ ಮತ್ತೆ ಅದೇ ಫೋನ್, ಅದೇ ಪ್ರಶ್ನೆ. ಸಂಘದ ಗುಂಪಿನಲ್ಲಿ ಆವತ್ತು ಬಂದದ್ದು ಕೈಮುಗಿದ ಚಿತ್ರಗಳು ಮತ್ತು ಯಾವುದೋ ಟಿವಿಯ ತುಣುಕು. ನಾನೂ ಅದನ್ನೇ ಮುಂದಕ್ಕೆ ಕಳಿಸಿದೆ, ಸುಳ್ಳು ಯಾಕೆ ಹೇಳಲಿ.

ಬೇರೆ ಕಡೆ ಇಂಥದೇ ಸಂಘಗಳು ಏನು ಮಾಡಿವೆ ಅಂತ ಓದಿದರೆ ಹೊಟ್ಟೆಕಿಚ್ಚಾಗುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಮ್ಮಂಥ ಪ್ರಾದೇಶಿಕ ಸಂಘಗಳು 1930ರ ಆಸುಪಾಸಿನಲ್ಲೇ ಶುರುವಾದವು. ಭೂಕಂಪಕ್ಕೆ ಕಟ್ಟಡಗಳನ್ನು ಹೇಗೆ ಲೆಕ್ಕ ಹಾಕಬೇಕು ಅನ್ನುವ ನಿಯಮಗಳನ್ನು ಸರ್ಕಾರ ಬರೆಯಲಿ ಅಂತ ಅವರು ಕಾಯಲಿಲ್ಲ. ಸಂಘದ ಸಮಿತಿಯೇ ಬರೆದು 1959ರಲ್ಲಿ ಪುಸ್ತಕ ಮಾಡಿತು, ಆಮೇಲೆ ಅದೇ ಅಲ್ಲಿನ ಕಟ್ಟಡ ನಿಯಮಗಳೊಳಗೆ ಸೇರಿತು. 1971ರ ಸ್ಯಾನ್ ಫರ್ನಾಂಡೊ ಭೂಕಂಪದ ಮೇಲೆ ಅದೇ ಸಂಘದವರು ಮುಂದೆ ನಿಂತು ಇನ್ನೊಂದು ತಾಂತ್ರಿಕ ಸಂಸ್ಥೆ ಕಟ್ಟಿದರು. ಅದು 1989ರಲ್ಲಿ ಒಂದು ಕೈಪಿಡಿ ತಂದಿತು. ಭೂಕಂಪ ಆದ ಮೇಲೆ ಮನೆಮನೆಗೆ ಹೋಗಿ ಬೇಗ ಪರೀಕ್ಷೆ ಮಾಡಿ ಬಾಗಿಲಿಗೆ ಬಣ್ಣದ ಚೀಟಿ ಅಂಟಿಸುವುದು ಹೇಗೆ ಅಂತ. ಹಸಿರು ಅಂದರೆ ನೋಡಿದ್ದೇವೆ, ಇರಬಹುದು. ಹಳದಿ ಅಂದರೆ ಎಚ್ಚರ, ಇಂತಿಷ್ಟೇ ಬಳಕೆ. ಕೆಂಪು ಅಂದರೆ ಒಳಗೆ ಕಾಲಿಡಬೇಡಿ. ಕೈಪಿಡಿ ಅಚ್ಚಾದ ಸ್ವಲ್ಪ ದಿನಕ್ಕೇ, ಅದೇ ವರ್ಷದ ಅಕ್ಟೋಬರ್ 17ಕ್ಕೆ, ಲೋಮಾ ಪ್ರಿಯೆಟಾ ಭೂಕಂಪ ಬಂತು. ಕೈಪಿಡಿ ನೇರ ಕೆಲಸಕ್ಕೆ ಹೋಯಿತು.

ನೋಡಿ, ಅಜ್ಜಿ ಕೇಳಿದ್ದು ಇದೇ ಚೀಟಿಯನ್ನ.

ಅದನ್ನೇ ಎತ್ತಿಕೊಂಡು ಬಂದು ಇಲ್ಲಿ ಅಂಟಿಸಿದರೆ ಆಗುವುದಿಲ್ಲ, ಗೊತ್ತು. ಅವರದು ಕಟ್ಟಡ ಅಲುಗಾಡಿದ ಕಥೆ. ನಮ್ಮದು ಕಟ್ಟಡ ಗಟ್ಟಿಯಾಗಿದ್ದು ಅದರ ಕೆಳಗಿನ ನೆಲವೇ ಹೋಗುವ ಕಥೆ. 2018ರ ಕುಸಿತಗಳ ಬಗ್ಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಕೊಟ್ಟ ವರದಿಯಲ್ಲೂ ಮಳೆಯ ಜೊತೆಗೆ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಅಂತ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನೇ ಎತ್ತಿ ತೋರಿಸಿದ್ದರು. ಹಾಗಾಗಿ ನಮ್ಮ ಚೀಟಿಗೆ ಇಬ್ಬರು ಬೇಕು. ಗೋಡೆ ನೋಡೋಕೆ ಒಬ್ಬ ಇಂಜಿನಿಯರ್, ಬರೆ ನೋಡೋಕೆ ಒಬ್ಬ ಭೂವಿಜ್ಞಾನಿ. ಮೂರನೆಯವರು ಆ ಊರಿನ ಹಿರಿಯರೊಬ್ಬರಿದ್ದರೆ ಇನ್ನೂ ಒಳ್ಳೇದು, ಯಾಕೆಂದರೆ ಮೊದಲು ಕೊಲ್ಲಿ, ಅಂದರೆ ಸಣ್ಣ ತೊರೆ, ಎಲ್ಲಿ ಹರಿಯುತ್ತಿತ್ತು, ಯಾರು ಅದಕ್ಕೆ ಮಣ್ಣು ಹಾಕಿ ಮುಚ್ಚಿದರು ಅಂತ ಗೊತ್ತಿರುವುದು ಅವರಿಗೆ ಮಾತ್ರ. ಮೇಲಿನ ತೋಟದಲ್ಲಿ ನೆಲ ಸೀಳಿದೆಯಾ, ಸಿಲ್ವರ್ ಓಕ್ ವಾಲಿದೆಯಾ, ಕರೆಂಟ್ ಕಂಬ ಓರೆಯಾಗಿದೆಯಾ, ನಿನ್ನೆವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಹಿಡಿದುಕೊಳ್ಳುತ್ತಿದೆಯಾ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಯಿತಾ, ಇಲ್ಲಾ ಇದ್ದಕ್ಕಿದ್ದಂತೆ ನಿಂತೇ ಹೋಯಿತಾ. ಇದನ್ನೆಲ್ಲ ನೋಡೋಕೆ ಕಂಪ್ಯೂಟರ್ ಬೇಡ. ಆದರೆ ಮಳೆಯಲ್ಲಿ ಹೋಗಿ ನೋಡುವ ಅಭ್ಯಾಸ ಬೇಕು, ಅದು ಎಸಿ ಹಾಲ್‌ನಲ್ಲಿ ಬರುವುದಿಲ್ಲ.

ಚೀಟಿ ಅಂಟಿಸೋಕೆ ನಮಗೆ ಯಾರು ಅಧಿಕಾರ ಕೊಟ್ಟರು ಅಂತ ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ನಾವೇ ಹೋಗಿ ಅಂಟಿಸೋ ಹಾಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಂತ ಇದೆ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಸಂಘದಿಂದ ಒಂದು ಪತ್ರ ಹಿಡಿದುಕೊಂಡು ಹೋಗೋಣ. ಮಳೆಗಾಲದಲ್ಲಿ ಕರೆದರೆ ಬರುವ ಇಷ್ಟು ಜನ ಇಂಜಿನಿಯರ್‌ಗಳಿದ್ದಾರೆ, ಇದು ಅವರ ಪಟ್ಟಿ, ಇಂತಿಂಥ ತಾಲ್ಲೂಕಿಗೆ ಇಂತಿಂಥವರು, ನೀವು ಅನುಮತಿ ಕೊಡಿ, ಗುರುತಿನ ಚೀಟಿ ಕೊಡಿ, ತೀರ್ಮಾನ ನಿಮ್ಮದು, ನೋಡಿ ಹೇಳುವುದು ನಮ್ಮದು ಅಂತ ಕೇಳೋಣ. ಐದು ತಾಲ್ಲೂಕು. ತಾಲ್ಲೂಕಿಗೆ ನಾಲ್ಕು ಜನ ಅಂದರೂ ಇಪ್ಪತ್ತು ಜನ ಸಾಕು. ಊಟದ ಸಭೆಗೆ ನಾವು ಅದಕ್ಕಿಂತ ಜಾಸ್ತಿ ಸೇರುತ್ತೇವೆ ಅಲ್ವಾ?

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ, ಇಲ್ಲದಿದ್ದರೆ ಬರೀ ಬೇರೆಯವರಿಗೆ ಬುದ್ಧಿ ಹೇಳಿದ ಹಾಗೆ ಆಗುತ್ತೆ. 2017ರಲ್ಲಿ ಒಂದು ತೋಟದ ಮನೆಯ ಹಿಂದೆ 3 ಮೀಟರ್ ಎತ್ತರದ ತಡೆಗೋಡೆಗೆ ಡ್ರಾಯಿಂಗ್ ಕೊಟ್ಟೆ. ನೀರು ಹೊರಗೆ ಬರಲಿ ಅಂತ ಗೋಡೆಯಲ್ಲಿ ಸಾಲಾಗಿ ಪೈಪು, ಗೋಡೆಯ ಬೆನ್ನಿಗೆ ಒಂದೂವರೆ ಅಡಿ ಅಗಲ ಜಲ್ಲಿ, ಎಲ್ಲ ಡ್ರಾಯಿಂಗ್‌ನಲ್ಲಿ ಇತ್ತು. ಪೈಪು ಹಾಕಿದರು. ಜಲ್ಲಿ ತುಂಬುವ ದಿನ ನಾನು ಸೈಟಿನಲ್ಲಿ ಇರಲಿಲ್ಲ, ಅವತ್ತು ಸಂಘದ ಸಭೆಗೆ ಹೋಗಿದ್ದೆ, ನಗಬೇಡಿ, ನಿಜ. ಜಲ್ಲಿ ಲಾರಿ ಬರಲಿಲ್ಲ ಅಂತ ಅವರು ಅಲ್ಲೇ ಬಿದ್ದಿದ್ದ ಕೆಂಪು ಮಣ್ಣನ್ನೇ ತುಂಬಿ ಮುಚ್ಚಿದರು. ಹೊರಗಿನಿಂದ ನೋಡಿದರೆ ಗೋಡೆ ಚಂದ, ಪೈಪುಗಳೂ ಸಾಲಾಗಿ ಕಾಣುತ್ತಿದ್ದವು. 2019ರ ಮಳೆಗೆ ಗೋಡೆ ಮಧ್ಯದಲ್ಲಿ ಹೊಟ್ಟೆ ಬಿಟ್ಟಿತು. ಹೋಗಿ ನೋಡಿದೆ, ಹನ್ನೆರಡು ಪೈಪಿನಲ್ಲಿ ಒಂದರಲ್ಲೂ ಒಂದು ಹನಿ ನೀರಿಲ್ಲ. ಕಡ್ಡಿ ತೂರಿಸಿದರೆ ಒಳಗೆ ಜೇಡಿ, ಬೆಣ್ಣೆ ಥರ.

ಮೇಸ್ತ್ರಿಯನ್ನು ಬೈಯೋಕೆ ಅಂತ ಕರೆದೆ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ ಮನುಷ್ಯ. ಅವನು ಹೇಳಿದ್ದು ಇಷ್ಟೇ, "ಸರ್, ಜಲ್ಲಿ ಯಾಕೆ ಅಂತ ನೀವು ಹೇಳಿದ್ರೆ ನಾನು ಲಾರಿಗೆ ಕಾಯ್ತಿದ್ದೆ. ಭರ್ತಿ ಮಾಡೋಕೆ ಅಂತ ಅಂದ್ಕೊಂಡೆ. ಭರ್ತಿಗೆ ಮಣ್ಣಾದ್ರೇನು ಜಲ್ಲಿಯಾದ್ರೇನು?" ನಾನು ಅಲ್ಲೇ ಒಂದು ರಟ್ಟಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. 3 ಮೀಟರ್ ಎತ್ತರದ ಗೋಡೆ, ಹಿಂದೆ ಒಣ ಮಣ್ಣು ಇದ್ದರೆ ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೂ ಸುಮಾರು ಎರಡೂಮುಕ್ಕಾಲು ಟನ್ ತಳ್ಳುತ್ತೆ. ಅದೇ ಮಣ್ಣಿನಲ್ಲಿ ನೀರು ಮೇಲಿನವರೆಗೆ ತುಂಬಿ ನಿಂತರೆ ಸುಮಾರು ಆರು ಟನ್. ಅಂದರೆ ಎರಡರಷ್ಟಕ್ಕಿಂತ ಜಾಸ್ತಿ, ಅದರಲ್ಲಿ ನೀರಿನ ಪಾಲೇ ದೊಡ್ಡದು. ಗೋಡೆ ದಪ್ಪ ಮಾಡಿ ಇದನ್ನು ಗೆಲ್ಲೋಕೆ ಹೊರಟರೆ ಮಾಲೀಕನ ಕಾಫಿ ದುಡ್ಡೆಲ್ಲ ಗೋಡೆಗೇ ಹೋಗುತ್ತೆ. ಜಲ್ಲಿ ಹಾಕಿ ನೀರಿಗೆ ದಾರಿ ಬಿಟ್ಟರೆ ಲಾರಿ ಒಂದರ ಖರ್ಚು. ಮೇಸ್ತ್ರಿ ಆ ರಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅಲ್ಲಿಂದ ಈಚೆಗೆ ಅವನು ಕಟ್ಟಿದ ಒಂದು ಗೋಡೆಗೂ ಜಲ್ಲಿ ತಪ್ಪಿಲ್ಲ. ಈಗ ಅವನೇ ನನಗೆ ಫೋನ್ ಮಾಡಿ, ಸರ್, ಮೇಲಿನ ನೀರು ಗೋಡೆ ಹಿಂದಕ್ಕೆ ಇಳಿಯದ ಹಾಗೆ ಚರಂಡಿ ಡ್ರಾಯಿಂಗ್‌ನಲ್ಲಿ ಇಲ್ವಲ್ಲ, ಮರೆತ್ರಾ ಅಂತ ಕೇಳುತ್ತಾನೆ.

ಅವನನ್ನು ಒಂದು ಸಲ ಸಭೆಗೆ ಕರೆದುಕೊಂಡು ಬಂದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಬಿಳಿ ಅಂಗಿ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಮೊದಲ ನಲವತ್ತು ನಿಮಿಷ ಪ್ರಾಯೋಜಕರ ವಿಡಿಯೋ. ಆಮೇಲೆ ಉಪನ್ಯಾಸ, ಪೂರ್ತಿ ಇಂಗ್ಲಿಷಿನಲ್ಲಿ, ಕೂತವರಲ್ಲಿ ಮುಕ್ಕಾಲು ಜನ ಮನೆಯಲ್ಲಿ, ಸೈಟಿನಲ್ಲಿ ಕನ್ನಡ ಆಡುವವರೇ ಆಗಿದ್ದರೂ. ಕಾಲಂನ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಬೇಕು ಅನ್ನೋದನ್ನ ತೋರಿಸೋಕೆ ಹತ್ತು ಸ್ಲೈಡ್ ಹಾಕಿದರು. ಆ ಕೊಕ್ಕೆಯನ್ನು ಕೈಯಾರೆ ಬಗ್ಗಿಸುವವನು ಇಡೀ ಹಾಲ್‌ನಲ್ಲಿ ಅವನೊಬ್ಬನೇ ಇದ್ದ, ಅವನಿಗೆ ಮಾತ್ರ ಒಂದಕ್ಷರ ಅರ್ಥ ಆಗಲಿಲ್ಲ. ಊಟದ ಹೊತ್ತಿಗೆ ಸದಸ್ಯರಿಗೆ ಮಾತ್ರ ಅಂತ ಬಾಗಿಲಲ್ಲಿ ಕೂಪನ್ ಕೇಳಿದರು. ನಾವಿಬ್ಬರೂ ಹೊರಗೆ ದೋಸೆ ತಿಂದು ಬಸ್ ಹತ್ತಿದೆವು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಕೂಪನ್ ಕೇಳಿದ ಹುಡುಗನದೇನೂ ತಪ್ಪಿಲ್ಲ. ಆದರೆ ಮೇಸ್ತ್ರಿಗಳಿಲ್ಲದ ಸಭೆಯಲ್ಲಿ ರಿಂಗಿನ ಪಾಠ ಯಾರಿಗೆ?

ಕಾಂಕ್ರೀಟಿನ ವಿಷಯವೂ ಹೀಗೇ. ಕಾಂಕ್ರೀಟಿನ ನಿಯಮಪುಸ್ತಕ ಐಎಸ್ 456 ನಮಗೆಲ್ಲ ಬಾಯಿಪಾಠ. ಮಳೆಗಾಲದಲ್ಲಿ ನೆನೆದ ಎಂ-ಸ್ಯಾಂಡ್‌ನಲ್ಲೇ (ಕಲ್ಲು ಪುಡಿ ಮಾಡಿದ ಮರಳು) ಎಷ್ಟೋ ನೀರು ಇರುತ್ತೆ, ಅಷ್ಟನ್ನು ಕಳೆದು ನೀರು ಹಾಕಬೇಕು, 50 ಕೆ.ಜಿ. ಚೀಲಕ್ಕೆ ಒಟ್ಟು 25ರಿಂದ 27 ಲೀಟರ್ ದಾಟಬಾರದು ಅಂತ ಮಿಕ್ಸರ್ ಹತ್ತಿರ ನಿಂತವನಿಗೆ ಯಾರು ಹೇಳಿದ್ದಾರೆ? ಅವನಿಗೆ ಗೊತ್ತಿರುವುದು ಗಟ್ಟಿಯಾದರೆ ಇನ್ನೊಂದು ಬಕೆಟ್. ಮಳೆ ಬರ್ತಿದೆ, ಇನ್ನು ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್ ಯಾಕೆ ಅಂತ ಕೇಳುವ ಮಾಲೀಕರಂತೂ ದಿನಕ್ಕೊಬ್ಬರು ಸಿಗುತ್ತಾರೆ.

ಇನ್ನೊಂದು ಕಹಿ ಮಾತು. ಡಾಕ್ಟರಿಗೆ, ವಕೀಲರಿಗೆ ಕಾಯ್ದೆ ಇದೆ, ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ. ಇಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಒಂದೇ ಅನ್ನುವಂಥ ಲೈಸೆನ್ಸ್ ಕಾಯ್ದೆ ಇಲ್ಲ. ಆದ್ದರಿಂದ ಜನರ ಕಣ್ಣಿಗೆ ನಮ್ಮ ಸಂಘದ ಸರ್ಟಿಫಿಕೇಟೇ ಲೈಸೆನ್ಸ್ ಥರ ಕಾಣುತ್ತೆ. ನಮಗೆ ಗೊತ್ತು, ಅದು ಚಂದಾ ಕಟ್ಟಿದ ರಸೀದಿ ಅಷ್ಟೇ. ಅದನ್ನು ತೋರಿಸಿಕೊಂಡು ಸೈಟಿಗೆ ಕಾಲಿಡದೆ, ಫೋನಿನಲ್ಲಿ ಬಂದ ಫೋಟೋ ನೋಡಿ, ಕಟ್ಟಡ ಭದ್ರವಾಗಿದೆ ಅಂತ ಸಹಿ ಹಾಕಿ ಕೊಡುವವರು ನಮ್ಮ ನಡುವೆ ಇದ್ದಾರೆ. ಹೆಸರು ಹೇಳುವುದಿಲ್ಲ, ಓದುವಾಗ ಅವರಿಗೇ ಗೊತ್ತಾಗುತ್ತೆ. ಸಹಿ ಹಾಕುವ ಮೊದಲು ಸದಸ್ಯ ಒಂದು ಸಲವಾದರೂ ಬರೆಯ ಮೇಲಕ್ಕೆ ಹತ್ತಿ ನೋಡಿರಬೇಕು, ಹತ್ತಿದ ದಿನಾಂಕ ಬರೆದಿರಬೇಕು ಅಂತ ಸಂಘ ಒಂದು ಸಾಲಿನ ನಿಯಮ ಮಾಡಬಹುದು. ಅದಕ್ಕೆ ಪಾರ್ಲಿಮೆಂಟ್ ಬೇಕಿಲ್ಲ.

ತಪ್ಪುಗಳನ್ನು ಹೇಳಿಕೊಳ್ಳೋಕೂ ಒಂದು ಜಾಗ ಬೇಕು ಸರ್. ಬ್ರಿಟನ್ನಿನಲ್ಲಿ 2005ರಿಂದ ಇಂಜಿನಿಯರ್‌ಗಳು ತಮ್ಮ ಕೆಲಸದಲ್ಲಿ ಆದ ಎಡವಟ್ಟನ್ನು ಹೆಸರು ಹೊರಗೆ ಬರದ ಹಾಗೆ ತಿಳಿಸುವ ಒಂದು ವ್ಯವಸ್ಥೆ ಇದೆ. ಹೆಸರು, ಜಾಗ ತೆಗೆದು ಆ ಪಾಠವನ್ನು ಎಲ್ಲರಿಗೂ ಹಂಚುತ್ತಾರೆ. ನಮ್ಮಲ್ಲಿ ಸಭೆಗೆ ಬರುವುದು ಬರೀ ಗೆದ್ದ ಕಟ್ಟಡಗಳ ಫೋಟೋ. ನನ್ನ ಹೊಟ್ಟೆ ಬಿಟ್ಟ ಗೋಡೆಯ ಫೋಟೋ ಆರು ವರ್ಷದಿಂದ ನನ್ನ ಫೋನಿನಲ್ಲೇ ಇತ್ತು, ಇವತ್ತು ಮೊದಲ ಸಲ ಅದರ ಬಗ್ಗೆ ಬರೆದೆ. ಇದನ್ನು 2019ರಲ್ಲೇ ಹೇಳಿದ್ದಿದ್ದರೆ ಇನ್ನೆರಡು ಗೋಡೆ ಉಳಿಯುತ್ತಿತ್ತೋ ಏನೋ. ವರ್ಷಕ್ಕೆ ಒಂದು ಸಂಜೆ ಸಾಕು. ಪ್ರಾಯೋಜಕರು ಬೇಡ, ಫೋಟೋ ತೆಗೆಯುವುದು ಬೇಡ. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ ಕೇಕ್ ಕತ್ತರಿಸುವ ಬದಲು ಅವತ್ತೇ ಇಟ್ಟುಕೊಂಡರೂ ಆಗುತ್ತೆ. ಅಷ್ಟು ಹೊತ್ತಿಗೆ ಮಳೆ ಇಳಿದು ಆ ವರ್ಷದ ಗಾಯಗಳೂ ಹಸಿಯಾಗಿರುತ್ತವೆ.

ಖರ್ಚು ಅನ್ನುತ್ತೀರಿ. ಪ್ರಾಯೋಜಕರು ಬಿಟ್ಟರೆ ಹಾಲ್ ಬಾಡಿಗೆ ಎಲ್ಲಿಂದ ಅಂತ ಖಜಾಂಚಿಗಳು ಖಂಡಿತ ಕೇಳುತ್ತಾರೆ. ಹಾಲೇ ಬೇಡವಲ್ಲ. ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ, ಪೊನ್ನಂಪೇಟೆಯಲ್ಲಿ ಸಿಐಟಿ ಇಂಜಿನಿಯರಿಂಗ್ ಕಾಲೇಜು ಇದೆ. ಒಂದು ತರಗತಿ ಕೋಣೆ ಕೇಳಿದರೆ ಇಲ್ಲ ಅನ್ನಲಿಕ್ಕಿಲ್ಲ. ಸಿವಿಲ್ ಓದುವ ಮಕ್ಕಳೂ ಜೊತೆಗೆ ಬರುತ್ತಾರೆ. ಅವರ ಪಠ್ಯದಲ್ಲಿ ತಡೆಗೋಡೆ ಇದೆ, ಊರಿನಲ್ಲಿ ಬರೆ ಇದೆ, ಎರಡನ್ನೂ ಒಟ್ಟಿಗೆ ಯಾರೂ ತೋರಿಸಿಲ್ಲ. ಬೆಟ್ಟಪ್ರದೇಶದ ತಡೆಗೋಡೆಗಳಿಗೆ ಅಂತಲೇ ಐಎಸ್ 14458 ಇದೆ ಅನ್ನೋದು ನನಗೇ ಕೆಲಸಕ್ಕೆ ಸೇರಿ ಎಂಟು ವರ್ಷ ಆದ ಮೇಲೆ ಗೊತ್ತಾಯಿತು. ಸಿಮೆಂಟಿಲ್ಲದೆ ಬರೀ ಕಲ್ಲು ಕಟ್ಟಿ ಮಾಡುವ ಗೋಡೆಯ ಬಗ್ಗೆಯೂ ಅದರಲ್ಲಿ ಒಂದು ಭಾಗ ಇದೆ. ನಮ್ಮ ಹಳೇ ತೋಟಗಳಲ್ಲಿ ಅಂಥ ಕಟ್ಟೆಗಳು ಎಷ್ಟು ಮಳೆಗಾಲ ಕಂಡು ಈಗಲೂ ನಿಂತಿವೆ ನೋಡಿ. ನೀರು ಸಂದಿಯಲ್ಲಿ ಆರಾಮಾಗಿ ಹೊರಗೆ ಬರುತ್ತೆ, ಅದಕ್ಕೇ.

ನಲವತ್ತು ಮಹಡಿಯ ಉಪನ್ಯಾಸ ರದ್ದು ಮಾಡಿ ಅಂತ ನಾನು ಕೇಳುತ್ತಿಲ್ಲ. ನವೆಂಬರ್‌ಗೆ ಹಾಕಿ, ನಾನೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಏಪ್ರಿಲ್ ಮತ್ತು ಮೇ, ಈ ಎರಡು ತಿಂಗಳ ಸಭೆ ಮಾತ್ರ ಕೊಡಗಿಗೆ ಬಿಟ್ಟುಕೊಡಿ. ಮೊದಲನೆಯದಕ್ಕೆ ಜಾಗ ನಾನೇ ಹುಡುಕಿದ್ದೇನೆ. ಅದೇ ಹೊಟ್ಟೆ ಬಿಟ್ಟ ಗೋಡೆ. ಅರ್ಧ ಭಾಗ ಬಿಚ್ಚಿ ಮತ್ತೆ ಕಟ್ಟಿದ್ದೇವೆ, ಇನ್ನರ್ಧ ಹಾಗೇ ಇದೆ, ಪಕ್ಕಪಕ್ಕ ನಿಂತು ನೋಡಬಹುದು. ಮಾಲೀಕರನ್ನು ಕೇಳಿದೆ, ಬರಲಿ, ಕಾಫಿ ನಮ್ಮದೇ ಅಂದಿದ್ದಾರೆ. ಮೇಸ್ತ್ರಿ ಬರುತ್ತಾನೆ, ಅವನ ಜೊತೆ ಇನ್ನೂ ಏಳೆಂಟು ಜನ ಕೆಲಸ ಬಿಟ್ಟು ಬರೋಕೆ ಒಪ್ಪಿದ್ದಾರೆ, ಅವರ ಒಂದು ದಿನದ ಕೂಲಿಯನ್ನು ಸಂಘ ಕೊಟ್ಟರೆ ಒಳ್ಳೇದು. ಊಟದ ಕೂಪನ್ ಇರುವುದಿಲ್ಲ. ಮೈಸೂರಿನಿಂದ ಬರುವವರು ಶೂ ಬದಲು ಗಮ್‌ಬೂಟ್ ತನ್ನಿ. ಹಿಂದಿನ ದಿನ ಮಳೆ ಬಂದಿದ್ದರೆ ಬರೆ ಹತ್ತುವ ದಾರಿಯಲ್ಲಿ ಜಿಗಣೆ ಇರುತ್ತವೆ, ಉಪ್ಪಿನ ಗಂಟು ನಾನು ತಂದಿರುತ್ತೇನೆ.

ಇಂತಿ,
ಚಂದಾ ಬಾಕಿ ಇಲ್ಲದ ಒಬ್ಬ ಸದಸ್ಯ,
ಮಡಿಕೇರಿ